ಗುಲಾಬಿ ರೊಟ್ಟಿ

ಕುಳಗೇರಿ ಕ್ರಾಸಿನ ಬೀಜದ ಅಂಗಡಿಯಲ್ಲಿ ಯಾರಾದರೂ ಚೀಲ ಬಿಚ್ಚಿದರೆ, ಆ ಔಷಧದ ವಾಸನೆಗೆ ನಾನು ಇವತ್ತಿಗೂ ರಸ್ತೆ ದಾಟಿ ಆಚೆ ನಿಲ್ಲುತ್ತೇನೆ.

ನಾವು ಆಗ ಹುನಗುಂದದಲ್ಲಿದ್ದೆವು. ಸಂತೆಯಲ್ಲಿ ಅವ್ವ ಎಂದೂ ಹೇಳಿದ ರೇಟಿಗೆ ಏನನ್ನೂ ಕೊಂಡವಳಲ್ಲ. ಆ ವರ್ಷ ಬಿತ್ತನೆ ಮುಗಿದ ಮೇಲೆ ಉಳಿದ ಬೀಜದ ಜೋಳ ಅವಳಿಗೆ ಅರ್ಧ ರೇಟಿಗೆ ಸಿಕ್ಕಿತು. ಹುಳ ಹತ್ತದಂತೆ ಔಷಧ ಸವರಿದ, ಗುಲಾಬಿ ಬಣ್ಣದ ಕಾಳು. ಅವ್ವ ಅದನ್ನು ಐದು ನೀರಿನಲ್ಲಿ ತಿಕ್ಕಿ ತೊಳೆದು, ಹೊರಸಿನ ಮೇಲೆ ಒಣಗಿಸಿ, ಗಿರಣಿಗೆ ಹಾಕಿಸಿದಳು.

ಬಣ್ಣ ಪೂರ್ತಿ ಹೋಗಿರಲಿಲ್ಲ. ಮಧ್ಯಾಹ್ನ ಬಡಿದ ಮೊದಲ ರೊಟ್ಟಿಯ ಚೂರನ್ನು ಅವ್ವ ಅಂಗಳದ ಕೋಳಿಗೆ ಹಾಕಿ, ಹೊಸ್ತಿಲಲ್ಲಿ ಕೂತಳು.

"ಐದ ನೀರಾಗ ತೊಳದೀ, ಇನ್ನೆಲ್ಲಿ ವಿಷ ಉಳೀತೈತಿ? ಹುಡುಗೂರು ಹಸದಾವು," ಎಂದಳು ಆಯಿ ಒಳಗಿನಿಂದ.

"ತಡೀರಿ ಅತ್ತಿ, ಕೋಳಿ ನೋಡ್ತೇನಿ."

ಕೋಳಿ ತಿಂದಿತು, ಕೊಕ್ಕು ಒರೆಸಿಕೊಂಡಿತು, ಮತ್ತೆ ಬೇಡಿತು.

"ನೆಟ್ಟಗೈತಿ. ಬರ್ರಿ ಉಣ್ಣಾಕ," ಎಂದು ಅವ್ವ ಎದ್ದಳು.

ಮೂರು ವರ್ಷದ ತಮ್ಮನಿಗೆ ಆ ಬಣ್ಣ ಬಹಳ ಹಿಡಿಸಿತು. "ಅವ್ವಾ, ನನಗ ಇನ್ನೊಂದ ಗುಲಾಬಿ ರೊಟ್ಟಿ," ಎಂದ. ಅವ್ವ ತನ್ನ ಪಾಲಿನದನ್ನೇ ಕೊಟ್ಟಳು.

ಸಂಜೆಗೆ ಉಂಡವರಿಗೆಲ್ಲ ವಾಂತಿ ಹತ್ತಿತು. ಬಾಗಲಕೋಟೆಯ ದವಾಖಾನೆ ಮುಟ್ಟುವಷ್ಟರಲ್ಲಿ ತಮ್ಮ ತಣ್ಣಗಾಗಿದ್ದ.

ಮರುದಿನ ಅಂಗಳದ ತುಂಬ ಜನ. ಅವ್ವ ಅಳಲಿಲ್ಲ. ಅವರೆಲ್ಲರ ಕಾಲುಗಳ ನಡುವೆ ಮಣ್ಣು ಕೆದರುತ್ತ ಓಡಾಡುತ್ತಿದ್ದ ಕೋಳಿಯನ್ನೇ ನೋಡುತ್ತಿದ್ದಳು.