ಹಣೆಬರಹ

"ಸಿಸ್ಟರ್, ಒಂದು ಇಂಜೆಕ್ಷನ್ ಕೊಡ್ರಿ. ಜೀವ ಹೋಗಾಕತ್ತೈತಿ."

ರಣಭೂಮಿಯ ಹಿಂದಿನ ಡೇರೆ ಆಸ್ಪತ್ರೆಯಲ್ಲಿ, ತೊಡೆ ಸೀಳಿಹೋದ ಸಿಪಾಯಿ ಮಂಚದ ಸರಳು ಹಿಡಿದು ಬೇಡಿಕೊಳ್ಳುತ್ತಿದ್ದ. ನರ್ಸು ಅವನ ಹಣೆಯ ಬೆವರು ಒತ್ತಿ ತೆಗೆದಳು. ಅಲ್ಲಿ ಪೆನ್ನಿನಲ್ಲಿ ದಪ್ಪಗೆ ‘ಎಂ’ ಅಂತ ಬರೆದಿತ್ತು, ಅದರ ಕೆಳಗೆ ವೇಳೆ.

"‘ಎಂ’ ಅಂದರೆ ಮಾರ್ಫಿನ್, ನಿಮಗೆ ಆಗಲೇ ಕೊಟ್ಟಾಗಿದೆ. ಎರಡು ಗಂಟೆ ಕೂಡ ಆಗಿಲ್ಲ. ನಾಲ್ಕು ಗಂಟೆಯೊಳಗೆ ಇನ್ನೊಂದು ಕೊಟ್ಟರೆ ಉಸಿರೇ ನಿಂತುಹೋಗುತ್ತೆ."

"ಒಂಚೂರೂ ನೋವು ಇಳಿದಿಲ್ರಿ."

"ಎಲ್ಲರೂ ಹಾಗೇ ಅಂತಾರಪ್ಪ. ಇಲ್ಲಿ ನಾವು ನಂಬೋದು ಹಣೆಬರಹ ಒಂದನ್ನೇ."

ಸಿಪಾಯಿಗೆ ನಾಚಿಕೆಯಾಯಿತು. ಅದನ್ನು ಬರೆದವನು ಅವನ ಊರಿನವನೇ, ಪಕ್ಕದ ಮಂಚದಲ್ಲಿ ಮಲಗಿದ್ದ ಗೆಳೆಯ. ಇಬ್ಬರೇ ಗಾಯಗೊಂಡು ಬಂಡೆಯ ಮರೆಯಲ್ಲಿ ಬಿದ್ದಿದ್ದಾಗ ಔಷಧದ ಡಬ್ಬಿಯಲ್ಲಿ ನೋವಿನ ಒಂದೇ ಇಂಜೆಕ್ಷನ್ ಉಳಿದಿತ್ತು. "ಇದು ನಿನಗ. ನನ್ನ ಕೈ ಮುರದ್ರ ಏನಾತು, ತಡಕೋತೀನಿ" ಎಂದಿದ್ದ ಗೆಳೆಯ. ಅಷ್ಟರಲ್ಲಿ ಇವನಿಗೆ ಎಚ್ಚರ ತಪ್ಪಿತ್ತು. ಕಣ್ಣು ಬಿಟ್ಟಾಗ ಅವನು ಇವನ ಹಣೆಯ ಮೇಲೆ ಬರೆಯುತ್ತಿದ್ದ.

"ಹಂಗಾರ ನನಗ ಬ್ಯಾಡ್ರಿ, ಅವಂಗ ಕೊಡ್ರಿ" ಎಂದ ಸಿಪಾಯಿ. "ಇದ್ದ ಒಂದನ್ನೂ ನನಗ ಕೊಟ್ಟು, ಅವಾಗಿಂದ ಹಲ್ಲು ಕಚ್ಚಿಕೊಂಡು ಅದಾನ."

ನರ್ಸು ಸಿರಿಂಜು ತುಂಬಿಸಿಕೊಂಡು ಪಕ್ಕದ ಮಂಚಕ್ಕೆ ಹೋದಳು. ಗೆಳೆಯನ ಹಣೆ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಮುರಿಯದ ತೋಳನ್ನು ಮೆಲ್ಲಗೆ ಹಿಡಿದಳು.

ಅರೆನಿದ್ದೆಯಲ್ಲೇ ಅವನು ತೋಳು ಎಳೆದುಕೊಂಡ.

"ಈಗ ಬ್ಯಾಡ್ರಿ ಸಿಸ್ಟರ್. ಇನ್ನೂ ನಾಕು ತಾಸು ಆಗಿಲ್ಲ."