ಮಡಿ ಸೀರೆ ಮತ್ತು ದೂರದ ಹಾಡು

ಆಗಷ್ಟೇ ತೊಳೆದ ಶಹಾಬಾದಿ ಫರಸಿಕಲ್ಲಿನ ವಾಸನೆ, ಶಾರದಾಬಾಯಿಗೆ ರೈಲು ಜಂಕ್ಷನ್ನಿನ ಊರು ವಾಡಿಯ ತವರುಮನೆಯ ವಾಸನೆ. ಆ ನೆಲದ ಮೇಲೆ ಮಡಿ ಸೀರೆಯಲ್ಲಿ ನಿಂತ ಅವರು, ಅಡುಗೆಮನೆಯ ಹೊಸ್ತಿಲಾಚೆ ಕೂತಿದ್ದ ಮೊಮ್ಮಗಳು ಪ್ರಮಿತಾಳ ಇಯರ್‌ಫೋನಿಗೆ ಕೈ ಚಾಚಿದರು. ತನ್ನ ತಾಯಿ ತೀರಿದ ಮೇಲೆ ಅವಳು ಅದನ್ನು ಕಿವಿಯಿಂದ ತೆಗೆದದ್ದೇ ಕಡಿಮೆ. ಸರಿಯಾಗಿ ಉಂಡದ್ದೂ ಇಲ್ಲ.

"ಏನ್ ಕೇಳ್ಲಿಕತ್ತೀಯವ್ವಾ?"

"ಐಸ್‌ಲ್ಯಾಂಡಿನ ಬ್ಯಾಂಡ್ ಅಜ್ಜಿ. ನಿನಗ ತಿಳಿಯಂಗಿಲ್ಲ."

"ಅದಕ್ಕೇ ಕೇಳ್ಲಿಕತ್ತೀನಿ. ಯಾವ ಹಾಡಿನಿಂದ ಸುರು ಮಾಡ್ಬೇಕು?"

"ಮುಟ್ಟಬ್ಯಾಡ, ಮಡಿ ಹೋಗ್ತದ! ಮತ್ತ ಜಳಕ ಮಾಡ್ಬೇಕಾಗ್ತದ."

"ಮಾಡ್ತೀನಿ ಬಿಡು. ನಳದಾಗ ನೀರು ಅದ."

ಪ್ರಮಿತಾ ಎಲ್ಲಕ್ಕಿಂತ ನಿಧಾನದ ಹಾಡನ್ನು ಹುಡುಕಿ, ಒಂದು ಇಯರ್‌ಫೋನನ್ನು ತಾನೇ ಅಜ್ಜಿಯ ಕಿವಿಗಿಟ್ಟಳು. ಮೊದಲು ಏನೂ ಇರಲಿಲ್ಲ. ಆಮೇಲೆ ಎಲ್ಲೋ ಆಳದಿಂದ ಗುಂಯ್ ಎನ್ನುವ ಸದ್ದು ಎದ್ದಿತು. ಅಜ್ಜಿ ಕಣ್ಣು ಮುಚ್ಚಿದರು.

"ಸಣ್ಣಾಕಿದ್ದಾಗ ವಾಡ್ಯಾಗ ಫರಸಿಗೆ ಕಿವಿ ಹಚ್ಚಿದ್ರ ದೂರದ ಗೂಡ್ಸ್ ಗಾಡಿ ಹಿಂಗೇ ಕೇಳಸ್ತಿತ್ತು. ಇದರ ಗಾಡಿ ಯಾವಾಗ ಬರ್ತದವ್ವಾ?"

ಪ್ರಮಿತಾ ಫಕ್ಕನೆ ನಕ್ಕಳು. "ಭಾಳ ಲೇಟದ ಅಜ್ಜಿ. ಕುಂದ್ರು." ಅಜ್ಜಿ ಹೊಸ್ತಿಲಾಚೆ ಬಂದು ಅವಳ ಪಕ್ಕ ಕೂತರು.

ಇನ್ನೊಂದು ಇಯರ್‌ಫೋನನ್ನೂ ಅಜ್ಜಿಗೇ ಕೊಟ್ಟು, ಫೋನನ್ನು ಅವರ ಮಡಿಲಲ್ಲಿಟ್ಟು ಅವಳು ಅಡುಗೆಮನೆಯೊಳಗೆ ಹೋದಳು. ಹಾಡು ತುಂಬಿ ಮೊರೆಯತೊಡಗಿದಾಗ ಅಜ್ಜಿ ಕಣ್ಣು ತೆರೆದರು. ಪ್ರಮಿತಾ ಸಾರನ್ನದ ಒಂದು ತಟ್ಟೆಯನ್ನು ಅವರ ಕೈಗಿತ್ತು, ತನ್ನ ತಟ್ಟೆ ಹಿಡಿದು ಪಕ್ಕದಲ್ಲಿ ಕೂತು ತುತ್ತು ಕಲಸತೊಡಗಿದಳು.