ಅಣ್ಣಾ ಅಂದವಳು

ಬಾಗಿಲ ಸಂದಿಯಿಂದ ನೀಲಗಂಗಾ ಕಂಡದ್ದು ಇಷ್ಟು: ಗಂಡ ಮುರುಗೆಪ್ಪ ಅಂಗಿಯ ತೋಳು ಮಡಿಚಿ, ಕಣ್ಣು ಮುಚ್ಚಿ ಕುಳಿತಿದ್ದಾನೆ. ಕಿರ್ಸ್ಟನ್ ಒಂದು ಹತ್ತಿಯ ಎಳೆಯಿಂದ ಅವನ ಮುಂಗೈ ಸವರುತ್ತಿದ್ದಾಳೆ.

"ಗೊತ್ತಾಗುತ್ತಾ, ಅಣ್ಣಾ?"

"ಹೂಂ."

"ಈಗ?"

"ಹೂಂ." ಅವನ ತುಟಿಯಲ್ಲಿ ಸಣ್ಣ ನಗು.

ನೀಲಗಂಗಾ ಸದ್ದಿಲ್ಲದೆ ಮೆಟ್ಟಿಲಿಳಿದಳು. ಆ ಹುಡುಗಿಗೆಂದು ತಂದಿದ್ದ ಶೇಂಗಾ ಚಟ್ನಿ ಹಾಗೇ ಮನೆಗೆ ವಾಪಸಾಯಿತು.

ಕಿರ್ಸ್ಟನ್ ಹಿಂದಿನ ದೀಪಾವಳಿಗೆ, ಎಂಬತ್ನಾಲ್ಕರಲ್ಲಿ, ಡೆನ್ಮಾರ್ಕಿನಿಂದ ಅಂಬರನಾಥಕ್ಕೆ ಬಂದವಳು. ಸಂಬಳವಿಲ್ಲದ ಒಂದು ವರ್ಷದ ಸೇವೆ. ಗುಡ್ಡದ ಬುಡದ ಬಡವರ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಇವರದೇ ಚಾಳಿನ ಮೇಲಿನ ಖೋಲಿಯಲ್ಲಿ ವಾಸ. ಬೆಳಿಗ್ಗೆ ಬಾಲ್ದಿ ಹಿಡಿದು ನಳದ ಸಾಲಿನಲ್ಲಿ ನಿಲ್ಲುತ್ತಿದ್ದಳು. ಸೀರೆಗೆ ಎಂಟು ಪಿನ್ನು ಚುಚ್ಚಿಕೊಂಡು, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನೂಕಾಡಿ, ನೀಲಗಂಗಾಳ ಜೊತೆ ಕಲ್ಯಾಣದ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಜೋಳದ ರೊಟ್ಟಿ ಬಡಿಯುವುದನ್ನೂ, ಅಷ್ಟಿಷ್ಟು ಕನ್ನಡವನ್ನೂ ಅವಳಿಗೆ ಕಲಿಸಿದವಳು ನೀಲಗಂಗಾಳೇ.

ಎಲ್ಲ ಕೆಟ್ಟದ್ದು ಜನವರಿಯ ಒಂದು ಮಧ್ಯಾಹ್ನ. ನೀಲಗಂಗಾ ಒಲೆಯ ಮುಂದಿದ್ದಳು. ಹಿಂದೆ ಕುಳಿತಿದ್ದ ಕಿರ್ಸ್ಟನ್ ಗಾಬರಿಯಿಂದ ಎದ್ದಳು.

"ಅಕ್ಕಾ, ಬೆನ್ನು! ರಕ್ತ!"

ರವಿಕೆಯ ಬೆನ್ನ ಹುಕ್ಕು ಕಿತ್ತುಹೋಗಿತ್ತೆಂದು ಹಾಕಿಕೊಂಡ ಪಿನ್ನು ಬಿಚ್ಚಿ ಮಾಂಸಕ್ಕೆ ನಾಟಿತ್ತು.

"ನೋವು ಇಲ್ಲವಾ?"

"ಕೆಲಸದ ಗಡಿಬಿಡ್ಯಾಗ ಅದಕ್ಕೆಲ್ಲ ಯಾರು ಲಕ್ಷ್ಯ ಕೊಡ್ತಾರವಾ?"

ಕಿರ್ಸ್ಟನ್ ನಗಲಿಲ್ಲ. ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ. ಮರುದಿನ ದವಾಖಾನೆಯ ಡಾಕ್ಟರಮ್ಮನನ್ನೇ ಕರೆತಂದು ಆ ಗಾಯ ತೋರಿಸಿದಳು. ಡಾಕ್ಟರಮ್ಮ ಬಹಳ ಹೊತ್ತು ನೋಡಿ, ಹೊರಗೆ ಮುರುಗೆಪ್ಪನ ಹತ್ತಿರ ಏನೋ ಮಾತಾಡಿ ಹೋದಳು. ಪಿನ್ನಿನ ಗಾಯಕ್ಕೆ ಇಷ್ಟೊಂದು ಸಡಗರವೇ? ಹರಿದ ರವಿಕೆಯ ಹೆಂಡತಿಯನ್ನು ಗಂಡನೆದುರು ಸಣ್ಣವಳನ್ನಾಗಿ ಮಾಡಲೆಂದೇ ಇದೆಲ್ಲ ಎಂದು ನೀಲಗಂಗಾಳಿಗೆ ಅನಿಸಿತು.

ಬಣ್ಣದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಮುರುಗೆಪ್ಪ ದಿನಾ ನಾಲ್ಕಕ್ಕೆ ಮನೆಯಲ್ಲಿರುತ್ತಿದ್ದ. ಡಾಕ್ಟರಮ್ಮ ಬಂದು ಹೋದ ಮೇಲೆ ಶನಿವಾರ ಬಂತೆಂದರೆ ಆರಾದರೂ ಪತ್ತೆಯಿಲ್ಲ. ಕೇಳಿದರೆ ಓವರ್‌ಟೈಮ್ ಅನ್ನುತ್ತಿದ್ದ. ಜೊತೆಗೆ ಎಂದೂ ಇಲ್ಲದ ಉಪಚಾರ ಬೇರೆ. ಎರಡು ಹೊಸ ರವಿಕೆ ಹೊಲಿಸಿದ. ರಕ್ತ ಹೆಚ್ಚಾಗುವ ಗುಳಿಗೆಯೆಂದು ತಂದು, ಊಟವಾದ ಮೇಲೆ ತಾನೇ ನೀರು ಹಿಡಿದು ನಿಲ್ಲುತ್ತಿದ್ದ.

"ತಪ್ಪು ಮಾಡಿದ ಗಂಡಸು ಭಾಳ ಪ್ರೀತಿ ಮಾಡ್ತಾನವಾ," ಎಂದಳು ಪಕ್ಕದ ಖೋಲಿಯ ಮಹಾದೇವಕ್ಕ.

"ಆಕಿ ಇವರಿಗೆ ಅಣ್ಣಾ ಅಂತಾಳಕ್ಕ."

"ಈ ಮುಂಬೈದಾಗ ಎಲ್ಲಾರೂ ಎಲ್ಲಾರಿಗೂ ಭಾಯಿ ಅಂತಾರ."

ಅಂದು ನೀಲಗಂಗಾ ಕಿರ್ಸ್ಟನ್‌ಗೆ ಬಡಿಸುವ ಪಲ್ಯಕ್ಕೆ ಎರಡು ಪಟ್ಟು ಖಾರ ಹಾಕಿದಳು. ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತ ತಿಂದು ಇನ್ನೂ ಸ್ವಲ್ಪ ಕೇಳಿದಳು. ನೀಲಗಂಗಾಳ ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ಕನ್ನಡಿಯ ಮುಂದೆ ನಿಂತು ತನ್ನ ಕೊರಳು, ತನ್ನ ಕೂದಲು ನೋಡಿಕೊಂಡಳು. ಗೋಧಿ ಬಣ್ಣದ ಆ ಕೂದಲಿನ ಮುಂದೆ ಇದೇನು?

ಹತ್ತಿಯ ಎಳೆ ಕಂಡದ್ದು ಮೇ ತಿಂಗಳಲ್ಲಿ. ಮುಂದಿನ ಶನಿವಾರ ಅವಳು ಮೆಟ್ಟಿಲ ಕೆಳಗೆ ಕಾದು ನಿಂತಳು. ಮೇಲಿನಿಂದ ಮಾತು ಕೇಳಿಸಿತು.

"ಅಕ್ಕನಿಗೆ ಹೇಳಬೇಕು. ಮುಚ್ಚಿಡೋದು ತಪ್ಪು. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಇನ್ನೊಂದು ಸ್ವಲ್ಪ ದಿನ ತಡೀವಾ. ಈಗ ಗೊತ್ತಾದ್ರ ಆಕಿ ಜೀವಾ ಇಟ್ಕೊಳ್ಳೂದಿಲ್ಲ."

ನೀಲಗಂಗಾಳಿಗೆ ಮುಂದಿನದು ಬೇಕಿರಲಿಲ್ಲ. ಮುರುಗೆಪ್ಪ ಕೆಳಗೆ ಬರುವಷ್ಟರಲ್ಲಿ ಟ್ರಂಕು ಬಾಗಿಲಿಗೆ ಬಂದಿತ್ತು.

"ನಾ ಊರಿಗೆ ಹೊಂಟೇನಿ. ನೀವು ಆಕಿ ಜೋಡಿ ಸುಖವಾಗಿರ್ರಿ."

"ಯಾರ ಜೋಡಿ?"

"ಕೈ ಸವರಿಸ್ಕೊಂಡು ನಕ್ಕೊಂತ ಕುಂತಿದ್ರಲ್ಲ, ಆಕಿ ಜೋಡಿ!"

ಮುರುಗೆಪ್ಪನ ಮುಖ ಬಿಳಿಚಿತು. ಬಾಗಿಲು ಹಾಕಿದ. ಅವಳ ರಟ್ಟೆ ಹಿಡಿದು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದ. ತಾನು ಹಿಂದೆ ಕುಳಿತ. ಅವಳ ಮುಖ ನೋಡಿಕೊಂಡು ಹೇಳುವ ಧೈರ್ಯ ಅವನಿಗಿರಲಿಲ್ಲ.

"ನಿನ್ನ ಬೆನ್ನ ಮ್ಯಾಲ ಅಂಗೈಯಗಲ ಒಂದು ಬೆಳ್ಳನ ಮಚ್ಚಿ ಐತಿ. ನಿನಗ ಕಾಣೂದಿಲ್ಲ. ಅಲ್ಲಿ ಚುಚ್ಚಿದ್ರ ಗೊತ್ತೂ ಆಗೂದಿಲ್ಲ. ಅದಕ್ಕ ಕುಷ್ಠ ಅಂತಾರ, ನೀಲಾ."

ಹೊರಗೆ ನಳದ ಹತ್ತಿರ ಯಾರೋ ಜಗಳಾಡುತ್ತಿದ್ದರು.

"ಬೆರಳು ಹೋಗ್ತಾವೇನ್ರಿ?"

"ಏನೂ ಆಗೂದಿಲ್ಲ. ಇದು ಅಂಟೂದೂ ಇಲ್ಲ. ಆರು ತಿಂಗಳ ಗುಳಿಗಿ, ನಾಕು ತಿಂಗಳದು ಮುಗದೈತಿ. ಸ್ಪರ್ಶ ಎಷ್ಟು ತಿರುಗಿ ಬಂದೈತಿ ಅಂತ ನೀ ಮಲಗಿದಾಗ ನೋಡೂದು ಹೆಂಗ ಅಂತ ಆ ಹುಡುಗಿ ಶನಿವಾರಕ್ಕೊಮ್ಮೆ ನನ್ನ ಕೈ ಮ್ಯಾಲ ಕಲಿಸಾಕತ್ತಿದ್ಲು."

"ನನಗ್ಯಾಕ ಹೇಳಲಿಲ್ಲ?"

"ಇಂಥಾದ್ದ ಮಚ್ಚಿ ಕಂಡು ನಿಮ್ಮ ದೊಡ್ಡವ್ವ ಬಾವಿಗೆ ಬಿದ್ಲು. ನೀನೂ ಹಂಗ ಮಾಡಿದ್ರ ನಾ ಏನು ಮಾಡ್ಲಿ?"

ನೀಲಗಂಗಾ ಮೊಣಕಾಲಿನ ನಡುವೆ ಮುಖವಿಟ್ಟು ಅತ್ತಳು. ಬಹಳ ಹೊತ್ತು ಅತ್ತಳು. ಹಿಂದಿನಿಂದ ಸದ್ದಿಲ್ಲ. ಅವನು ದೂರ ಸರಿದು ಕುಳಿತಿದ್ದಾನೆ ಎಂದುಕೊಂಡಾಗ ದುಃಖ ಸಿಟ್ಟಿಗೆ ತಿರುಗಿತು.

"ಅಂಟೂದಿಲ್ಲ ಅಂತೀರಿ. ಇಷ್ಟು ಅಳಾಕತ್ತೀನಿ, ಬೆನ್ನ ಮ್ಯಾಲ ಒಂದು ಕೈ ಇಡಾಕೂ ಹೇಸಿಗಿ ಬಂತೇನ್ರಿ ನಿಮಗ?"

"ಆಗಿಂದ ಅಲ್ಲೇ ಐತಿ, ನೀಲಾ, ನನ್ನ ಕೈ."